ಕಂಡಿಕೆ ಹಾಡುಗಳು ಸಾಲು ತಪ್ಪಿದ ಮಳೆಗಾಲ

ಹೋದ ವಾರ ಒಂದು ಸಣ್ಣ ಕೆಲಸಕ್ಕೆಂದು ಮುಂಡರಗಿಯಿಂದ ಬೆಟಗೇರಿಗೆ ಹೋಗಿದ್ದೆ. ನಾವು ಮೊದಲಿದ್ದ ಓಣಿಗೆ ಹೊರಳಿದ್ದೇ ತಡ, ಗಂಜಿ ಕಾಯಿಸುವ ವಾಸನೆ ಮೂಗಿಗೆ ಬಂತು. ಉಣ್ಣುವ ಗಂಜಿಯಲ್ಲ, ನೂಲಿಗೆ ಬಿಗುವು ಬರಲೆಂದು ನೇಕಾರರು ಹಚ್ಚುವ ಗಂಜಿ. ತಳ ಸ್ವಲ್ಪ ಹತ್ತಿದ, ಸ್ವಲ್ಪ ಹುಳಿಯಾದ ವಾಸನೆ ಅದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಚೀಲ ಕೆಳಗಿಟ್ಟು, ಯಾರದೋ ಕಟ್ಟೆಯ ಮುಂದೆ ಸುಮ್ಮನೆ ನಿಂತೆ. ಆ ವಾಸನೆಗೆ ನನಗೆ ನೆನಪಾಗುವುದು ಮಗ್ಗವೂ ಅಲ್ಲ, ಸೀರೆಯೂ ಅಲ್ಲ, ಒಂದು ಲ್ಯಾಪ್‌ಟಾಪ್. ನಗಬೇಡಿ, ಕಾರಣವಿದೆ.

ಅದೆಲ್ಲ ನಡೆದ ವರ್ಷ ನಾವಿನ್ನೂ ಬೆಟಗೇರಿಯಲ್ಲೇ ಇದ್ದೆವು. ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಕಾಲೇಜು ಹುಡುಗಿಯರ ಪ್ರಾಜೆಕ್ಟು, ಬಂದದ್ದನ್ನೆಲ್ಲ ಟೈಪ್ ಮಾಡಿಕೊಡುತ್ತಿದ್ದೆ. ಬಲಗಡೆ ಮನೆ ಸಾವಂತ್ರವ್ವನವರದು. ನಾನು ಓಣಿಯ ಸೊಸೆಯಾದ್ದರಿಂದ ಅವರು ನನಗೂ ಅತ್ತಿ. ಅರವತ್ತು ದಾಟಿದ ಹೆಂಗಸು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವರ ಕೆಲಸ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವುದು. ಕಂಡಿಕೆಯೆಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂಡುವ ಬೆರಳುದ್ದದ ಕೊಳವೆ, ಅದರ ಮೇಲೆ ನೂಲು ಸುತ್ತಿಕೊಟ್ಟರೇ ಮಗ್ಗ ಮುಂದೆ ನಡೆಯುವುದು. ರಾಟಿ ತಿರುಗಲು ಹತ್ತಿತೆಂದರೆ ಸಾವಂತ್ರವ್ವ ಹಾಡಲು ಹತ್ತಿದರೆಂದೇ ಲೆಕ್ಕ. ಒಂದು ಕಂಡಿಕೆಗೆ ಒಂದು ಹಾಡು. ನೂಲು ತುಂಬುವುದಕ್ಕೂ ಹಾಡು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಅವರ ಅವ್ವ, ಅವ್ವನ ಅವ್ವ ಹಾಡುತ್ತ ಬಂದ ಹಾಡುಗಳು ಅವು, ಎಲ್ಲೂ ಬರೆದಿಟ್ಟದ್ದಲ್ಲ. ನಾನು ಲಕ್ಷ್ಮೇಶ್ವರದ ವ್ಯಾಪಾರಸ್ಥರ ಮನೆಯವಳು, ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ಗೋಡೆಯಾಚೆಯ ಆ ದನಿ ಕೇಳುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದ್ದು ಒಂದೆರಡು ಸಲವಲ್ಲ.

ಆ ವರ್ಷ ಜ್ಯೇಷ್ಠದಲ್ಲಿ ಅತ್ತಿಯ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಗೆ ತೋರಿಸಿಕೊಂಡು ಬಂದರು. ಗಂಟು ಕೆಟ್ಟದ್ದಲ್ಲ, ಆದರೆ ತೆಗೆಯಲೇಬೇಕು, ಆಮೇಲೆ ದನಿ ಮೊದಲಿನ ಹಾಗೇ ಬರುತ್ತದೆಂದು ಮಾತು ಕೊಡಲಾಗುವುದಿಲ್ಲ ಎಂದರಂತೆ ಡಾಕ್ಟರು. ಸೊಸೆ ಗಂಗಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಇದನ್ನು ಹೇಳುತ್ತಿದ್ದರೆ ಅತ್ತಿ ಅವಳನ್ನೇ ಗದರಿದರು.

"ದನಿ ಹೋದರ ಹೋಗ್ಲಿ ಬಿಡ. ಇಷ್ಟ ದಿನಾ ಓಣಿ ಮಂದಿ ಕಿವಿ ತಿಂದೇನಿ, ಸಾಕು. ಹಾಡ ಹೋಗಬಾರ್ದು ನೋಡು. ಸುಮವ್ವಾ, ನಿನ್ನ ಮಶೀನ್ಯಾಗ ಬರಕೋತಿ ಏನ?"

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮಾಡಿ ನೋಡಿದೆವು. ಹಿಂದಿನ ಶೆಡ್ಡಿನಲ್ಲಿ ಹಗಲು ರಾತ್ರಿ ಓಡುವ ವಿದ್ಯುತ್ ಮಗ್ಗಗಳ ಖಟಖಟ ಬಿಟ್ಟು ಬೇರೇನೂ ಕೇಳಲಿಲ್ಲ. ಶಾಂತವಾದ ಕಡೆ ಕೂಡಿಸಿ ಹಾಡಿರೆಂದರೆ ಅತ್ತಿಗೆ ಎರಡನೇ ಸಾಲೇ ನೆನಪಾಗುತ್ತಿರಲಿಲ್ಲ. ಕೈ ರಾಟಿಯ ಮೇಲಿರಬೇಕು, ಎಳೆ ಬೆರಳ ನಡುವೆ ಓಡುತ್ತಿರಬೇಕು, ಆಗಲೇ ಹಾಡು ಬರುವುದು. ಹಾಗಾಗಿ ನಾನೇ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ರಾಟಿಯ ಪಕ್ಕ ಕುಳಿತೆ. ಒಳಗೆ ಒಲೆಯ ಮೇಲೆ ನೂಲಿನ ಗಂಜಿ ಕಾಯುತ್ತಿರುತ್ತಿತ್ತು. ಅವರು ಹಾಡುವುದು, ನಾನು ಟೈಪ್ ಮಾಡುವುದು. ರಾಟಿ ನಿಲ್ಲಿಸುವವರಲ್ಲ, ಹಾಡಿನಿಂದ ಹಾಡಿಗೆ ಹೊರಳಿಬಿಡುವರು. ಬೇರೆ ಬೇರೆ ಫೈಲು ತೆರೆಯಲು ಪುರಸೊತ್ತೆಲ್ಲಿ? ಎಲ್ಲವನ್ನೂ ಒಂದೇ ಫೈಲಿನಲ್ಲಿ ಸಾಲಿನ ಕೆಳಗೆ ಸಾಲಾಗಿ ಬರೆಯುತ್ತ ಹೋದೆ. ಅವರು ಕಂಡಿಕೆ ಬದಲಿಸಿದಾಗ ಮಾತ್ರ ಒಂದು ಸಾಲು ಖಾಲಿ ಬಿಡುತ್ತಿದ್ದೆ. ಹೊರಗೆ ಆಷಾಢದ ಗಾಳಿ. ಗದಗಿನ ಆಷಾಢ ಕಂಡವರಿಗೆ ಗೊತ್ತು, ಅಲ್ಲಿ ಮಳೆಗಿಂತ ಗಾಳಿಯದೇ ದರ್ಬಾರು. ಒಣಹಾಕಿದ ಸೀರೆ ಹಿಡಿದುಕೊಂಡೇ ನಿಲ್ಲಬೇಕು.

ಬಸಣ್ಣ ನನ್ನ ಒಡಹುಟ್ಟಿದ ಅಣ್ಣ. ಶಿರಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ರವಿವಾರ ಬಸ್ ಹಿಡಿದು ನಮ್ಮ ಮನೆಗೆ ಬರುವುದು, ರೊಟ್ಟಿ ಉಂಡು, ನನ್ನ ಅಂಗಡಿಯ ಕಂಪ್ಯೂಟರಿನ ದೋಷ ಎಣಿಸಿ ಹೋಗುವುದು ಅವನ ರೂಢಿ. ಆಗಷ್ಟೇ ಅವನಿಗೆ ಪ್ರೋಗ್ರಾಮ್ ಬರೆಯುವ ಹುಚ್ಚು ಹತ್ತಿತ್ತು. ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುವ ಒಂದು ಪುಟ್ಟ ಪ್ರೋಗ್ರಾಮ್ ಬರೆದುಕೊಂಡು ಬಂದು, ಚೊಚ್ಚಲ ಮಗುವನ್ನು ತೋರಿಸುವ ತಂದೆಯ ಮುಖ ಮಾಡಿಕೊಂಡು ನಿಂತ. ಫೈಲು ತೆರೆ, ಸಾಲುಗಳನ್ನು ಓದು, ಜೋಡಿಸು, ಅದೇ ಫೈಲಿಗೆ ತಿರುಗಿ ಬರೆ. ಅಷ್ಟೇ ಅದು. ತನ್ನ ತರಗತಿಯ ಮಕ್ಕಳ ಮನೆತನದ ಅಡ್ಡಹೆಸರುಗಳನ್ನು ಹಾಕಿ ಅತ್ತಿಗೂ ತೋರಿಸಿದ. ಒಂದು ಗುಂಡಿ ಒತ್ತಿದ್ದೇ ಅಕ್ಕಿ, ಉಳ್ಳಾಗಡ್ಡಿ, ಬೆಲ್ಲದ, ಮೆಣಸಿನಕಾಯಿ ಎಂದು ಹೆಸರುಗಳು ಸಾಲಾಗಿ ನಿಂತವು.

"ಇದೇನ್ ಸಂತಿ ಚೀಟಿ ಬರದೀ ಮಾಸ್ತರ?" ಎಂದು ಅತ್ತಿ ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ನೋಡಿದರು. "ಅಂದ್ರ ಎಲ್ಲಾರ್ನೂ ಮೊದಲ್ನೇ ಅಕ್ಷರ ನೋಡಿ ಸಾಲಾಗಿ ಕುಂಡ್ರಿಸತೈತಿ. ಯಾರ ಸಂಗಾಟ ಬಂದೀರಿ ಅಂತ ಕೇಳೂದಿಲ್ಲ?"

"ಇಲ್ರಿ, ಅದನ್ನೆಲ್ಲಾ ಕೇಳೂದಿಲ್ಲ," ಎಂದ ಅಣ್ಣ ಹೆಮ್ಮೆಯಿಂದ.

"ಕೇಳಬೇಕಪಾ," ಎಂದರು ಅತ್ತಿ.

ಆಪರೇಷನ್ನಿಗೆ ಮೊದಲು ಹಾಡುಗಳೆಲ್ಲ ಟೈಪ್ ಆದವು. ಹುಬ್ಬಳ್ಳಿಗೆ ಹೊರಡುವ ಹಿಂದಿನ ದಿನ ಕೊನೆಯ ಕಂಡಿಕೆ ಸುತ್ತಿ, ಅದನ್ನು ನನ್ನ ಕೈಯಲ್ಲಿಟ್ಟು, "ಆತು ನೋಡವಾ, ನನ್ನ ಹೊಟ್ಯಾಗಿಂದೆಲ್ಲಾ ನಿನ್ನ ಪೆಟಗ್ಯಾಗ ಹಾಕೇನಿ. ಇನ್ನ ಡಾಕ್ಟರ ಏನರ ಕೊಯ್ಕೊಳ್ಲಿ," ಎಂದರು.

ಅವರು ಇನ್ನೂ ಆಸ್ಪತ್ರೆಯಲ್ಲಿದ್ದಾಗ ರವಿವಾರ ಬಸಣ್ಣ ಬಂದ. ಹಾಡುಗಳದ್ದೊಂದು ಸಣ್ಣ ಪುಸ್ತಕ ಮಾಡುವುದೆಂದು ಮಾತಾಗಿತ್ತು. ಕೊನೆಗೆ ಹಾಡುಗಳ ಮೊದಲ ಸಾಲುಗಳ ಅಕಾರಾದಿ ಪಟ್ಟಿ ಇರಲಿ, ಅದನ್ನು ತನ್ನ ಪ್ರೋಗ್ರಾಮೇ ಮಾಡುತ್ತದೆ ಎಂದು ಅವನ ಹಟ. ಮೊದಲ ಸಾಲುಗಳನ್ನಷ್ಟೇ ಒಂದು ಬೇರೆ ಫೈಲಿನಲ್ಲಿ ತೆಗೆದಿಟ್ಟಿದ್ದೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವನಿಗೆ ಬಸ್ಸಿನ ಅವಸರ. ಪಟ್ಟಿಯ ಫೈಲು ಕೊಡುವ ಬದಲು ಹಾಡುಗಳ ಫೈಲನ್ನೇ ಪ್ರೋಗ್ರಾಮಿನ ಬಾಯಿಗೆ ಕೊಟ್ಟುಬಿಟ್ಟ.

"ಸುಮಾ!" ಎಂದು ಅವನು ಕೂಗಿದ ರೀತಿಗೆ ಹಿಟ್ಟಿನ ಕೈಯಲ್ಲೇ ಓಡಿಬಂದೆ. ಪರದೆ ಪೂರ್ತಿ ಬಿಳಿ. ಒಂದಕ್ಷರವಿಲ್ಲ. ಎಲ್ಲ ಅಳಿಸಿಹೋಯಿತೆಂದೇ ತಿಳಿದೆ. ಅವನು ಕೆಳಗೆ ಕೆಳಗೆ ಸರಿಸಿದ. ಬಿಳಿ ಮುಗಿದು ಅ ಅಕ್ಷರದ ಸಾಲುಗಳು ಶುರುವಾದವು. ಆಮೇಲೆ ಆ, ಆಮೇಲೆ ಇ. ಹಾಡುಗಳ ನಡುವೆ ನಾನು ಬಿಟ್ಟಿದ್ದ ಖಾಲಿ ಸಾಲುಗಳೆಲ್ಲ ಮೊದಲು ಬಂದು ತಲೆಯ ಮೇಲೆ ಕುಳಿತಿದ್ದವು. ಒಂದು ಸಾಲೂ ಕಳೆದಿರಲಿಲ್ಲ, ಒಂದು ಹಾಡೂ ಉಳಿದಿರಲಿಲ್ಲ. ಪಲ್ಲವಿಯಾಗಿ ಬರುತ್ತಿದ್ದ "ತಿರುಗ ನನ ರಾಟಿ ತಿರುಗ" ಒಂದರ ಕೆಳಗೊಂದು ಬಂದು ಅದೇ ಒಂದು ಪುಟವಾಗಿತ್ತು. ದಿನವೂ ಬೇರೆ ಕಡೆ ಪ್ರತಿ ತೆಗೆದಿಡುವ ಶಿಸ್ತು ಆಗ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಪೆನ್‌ಡ್ರೈವಿನಲ್ಲಿದ್ದದ್ದು ಮೊದಲ ದಿನದ ಎರಡು ಹಾಡು ಮಾತ್ರ.

"ಹೆಂಗ ಜೋಡಿಸ್ತೋ ಹಂಗ ಬಿಡಿಸೂ ಪ್ರೋಗ್ರಾಮ್ ಬರಿ ಮತ್ತ," ಎಂದೆ.

"ಬರಿಯಾಕ ಬರೂದಿಲ್ಲ ತಂಗಿ. ಯಾವ ಸಾಲಿನ ಮುಂದ ಯಾವ ಸಾಲ ಇತ್ತು ಅನ್ನೂದು ಎಲ್ಲೂ ಉಳದಿಲ್ಲ," ಎಂದ ಅವನು. ಸುಟ್ಟ ರೊಟ್ಟಿಯ ವಾಸನೆ ಮನೆ ತುಂಬಿತ್ತು, ಯಾರೂ ಎದ್ದು ಹೋಗಲಿಲ್ಲ. ಅವನು ಉಣ್ಣದೇ ಬಸ್ಸಿಗೆ ಹೋದ.

ಅತ್ತಿ ನಾಗರ ಪಂಚಮಿಗೆ ಕೆಲವು ದಿನ ಮೊದಲು ಮನೆಗೆ ಬಂದರು. ಕುತ್ತಿಗೆಗೆ ಬಿಳಿ ಪಟ್ಟಿ. ತಿಂಗಳೊಪ್ಪತ್ತು ಪಿಸುಮಾತೂ ಆಡಕೂಡದೆಂದು ತಾಕೀತು. ಮಾತಿಗೆ ಗಂಗಾ ಒಂದು ಪಾಟಿ ತಂದುಕೊಟ್ಟಿದ್ದಳು. ನಾಲ್ಕನೇ ಇಯತ್ತೆ ಓದಿದ ಅತ್ತಿ ಅದರ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು. ಅಳಿಸುವುದು ಸೆರಗಿನಿಂದ. ಹೇಳದೆ ಇರಲಾಗಲಿಲ್ಲ. ಹಾಳೆಗಳನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ತೊಡೆಯ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಒಂದೊಂದೇ ಹಾಳೆ ತಿರುವಿದರು. ತಿರುಗ ನನ ರಾಟಿ ತಿರುಗ ಪುಟಕ್ಕೆ ಬಂದಾಗ ಅವರ ಹೆಗಲು ಅಲುಗಾಡಲು ಹತ್ತಿದವು. ಅಳುತ್ತಿದ್ದಾರೆಂದು ಗಂಗಾ ಬೆನ್ನು ಸವರಲು ಹೋದಳು. ಮುಖ ನೋಡಿದರೆ ಆ ಮಹಾತಾಯಿ ನಗುತ್ತಿದ್ದಾರೆ! ನಕ್ಕರೆ ಹೊಲಿಗೆ ಜಗ್ಗುತ್ತದೆಂದು ಕೈಯಿಂದ ಗಂಟಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಪಾಟಿ ತೆಗೆದುಕೊಂಡು "ಕತ್ತರಿ ತಾ" ಎಂದು ಬರೆದರು. ಆ ಹೆಂಗಸಿನ ಎದೆಗಾರಿಕೆಗೆ ನಾನು ಅಂದೇ ಶರಣಾದೆ.

ಹಾಳೆಗಳನ್ನೆಲ್ಲ ಸಾಲು ಸಾಲಾಗಿ ಕತ್ತರಿಸಿ ಪಡಸಾಲೆಯಲ್ಲಿ ಹರಡಿದೆವು. ಒಂದು ಹಾಳೆಯನ್ನು ಅತ್ತಿ ಯಾರಿಗೂ ಕೊಡದೆ ತಾವೇ ಕತ್ತರಿಸಿಕೊಂಡರು. ಗಾಳಿ ಬಿಡಬೇಕಲ್ಲ? ಬಾಗಿಲ ಸಂದಿಯಿಂದ ಬಂದು ಚೀಟಿಗಳನ್ನು ಅಟ್ಟದ ತನಕ ಹಾರಿಸಿತು. ಕೊನೆಗೆ ಒಂದೊಂದರ ಮೇಲೂ ಒಂದೊಂದು ಕಂಡಿಕೆ ಹೇರಿಟ್ಟೆವು. ಅಷ್ಟರಲ್ಲಿ ಪಂಚಮಿಗೆಂದು ಓಣಿಯ ಹೆಣ್ಣುಮಕ್ಕಳು ತವರಿಗೆ ಬರತೊಡಗಿದ್ದರು. ಕೊರ್ಲಹಳ್ಳಿಗೆ ಕೊಟ್ಟ ಅತ್ತಿಯ ಮಗಳು ನೀಲಾ ಉಂಡಿ ಡಬ್ಬಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, "ಇದೇನ ಮನ್ಯಾಗ ಕಾಗದದ ಸುಗ್ಗಿ?" ಎಂದಳು. ಸಂಗತಿ ತಿಳಿದ ಮೇಲೆ ಡಬ್ಬಿ ಬದಿಗಿಟ್ಟು ಕುಳಿತವಳು ಏಳಲೇ ಇಲ್ಲ. ಅವಳ ಹಿಂದೆ ಇನ್ನಷ್ಟು ಜನ ಬಂದರು. ಆ ರಾಟಿಯ ಹಾಡು ಕೇಳುತ್ತ ಆಡಿ ಬೆಳೆದವರು, ಪ್ರತಿಯೊಬ್ಬಳಿಗೂ ಎಷ್ಟೋ ಸಾಲು ನೆನಪಿದ್ದವು, ಪೂರ್ತಿ ಹಾಡು ಯಾರಿಗೂ ನೆನಪಿರಲಿಲ್ಲ.

ಪೂರ್ತಿ ಗೊತ್ತಿದ್ದವರು ಒಬ್ಬರೇ, ಅವರು ಬಾಯಿ ತೆರೆಯುವಂತಿಲ್ಲ. ಪಾಟಿಯ ಮೇಲೆ ಬರೆಯಲು ಹೋದರೆ ಎರಡನೇ ಸಾಲಿಗೇ ಕೈ ನಿಲ್ಲುತ್ತಿತ್ತು. ಆಗ ಅತ್ತಿ ಗೋಡೆಗೆ ಒರಗಿಸಿದ್ದ ರಾಟಿಯನ್ನು ಎಳೆದುಕೊಂಡರು. ಖಾಲಿ ಕಂಡಿಕೆ ಸಿಕ್ಕಿಸಿ, ಎಳೆ ಹಚ್ಚಿ, ನೀಲಾಳ ಕಡೆ ನೋಡಿ ಹಾಡು ಎಂದು ಗದ್ದ ಎತ್ತಿದರು.

ನೀಲಾ ಒಂದು ಚೀಟಿ ಎತ್ತಿ ಹಾಡಿದಳು, "ಅತ್ತಿ ಬೈದರ ಬೈಲಿ, ಎಳಿಯೊಂದ ಹರಿಬಾರ್ದ." ರಾಟಿ ತಿರುಗಿತು. ಮುಂದಿನದು ತನಗೆ ಗೊತ್ತೆಂದು ಗಂಗಾ ಇನ್ನೊಂದು ಚೀಟಿ ಹಿಡಿದು, "ಹತ್ತ ಮಂದ್ಯಾಗ ನಗಬ್ಯಾಡ" ಎಂದಳು. ರಾಟಿ ಟಕ್ಕನೆ ನಿಂತಿತು. ಅತ್ತಿಯ ಮುಖದಲ್ಲಿ ಏನೂ ಇಲ್ಲ, ಕೈ ಮಾತ್ರ ಹಿಡಿಕೆಯ ಮೇಲೆ ಕಲ್ಲಾಗಿದೆ. ನೀಲಾ ಹುಡುಕಾಡಿ, "ಹರದ ಎಳಿಗೆ ಗಂಟ ಹಾಕೇನ" ಎಂದು ಅನುಮಾನಿಸುತ್ತ ಹಾಡಿದಳು. ರಾಟಿ ಮತ್ತೆ ತಿರುಗಿತು. ಎಲ್ಲರೂ ಹೋ ಎಂದು ಕೂಗಿಬಿಟ್ಟೆವು. ಹಿಂದಿನ ಶೆಡ್ಡಿನವರು ಏನಾಯಿತೆಂದು ಬಂದು ಇಣುಕಿ ಹೋದರು.

ಹೀಗೆ ನಡೆಯಿತು ನಮ್ಮ ಪಂಚಮಿ. ಸರಿಯಾದರೆ ರಾಟಿ ತಿರುಗುವುದು, ತಪ್ಪಿದರೆ ನಿಲ್ಲುವುದು. ಹಾಡು ಮುಗಿಯಿತೆಂದು ನಾವು ಕೈ ಝಾಡಿಸಿಕೊಂಡರೆ ಅತ್ತಿ ಅರ್ಧ ತುಂಬಿದ ಕಂಡಿಕೆಯನ್ನು ಎತ್ತಿ ಕಣ್ಣ ಮುಂದೆ ಹಿಡಿಯುವರು. ಅಂದರೆ ಇನ್ನೂ ಸಾಲುಗಳಿವೆ, ಹುಡುಕಿರಿ ಎಂದರ್ಥ. ಹುಡುಕಿದರೆ ಚೀಟಿ ಉಂಡಿ ಡಬ್ಬಿಯ ತಳಕ್ಕೆ ಅಂಟಿಕೊಂಡಿರುತ್ತಿತ್ತು. ಹುಡುಗಿಯರು ಜೋಕಾಲಿ ಬಿಟ್ಟು ಬಂದರು, ಉಂಡಿ ತಿನ್ನುತ್ತ ಜಗಳಾಡಿದರು, ಬೆಲ್ಲದ ಕೈಯಿಂದ ಚೀಟಿಗಳನ್ನೆಲ್ಲ ಜಿಗುಟು ಮಾಡಿದರು. ಕೂಡಿದ ಹಾಡನ್ನು ನಾನು ಆಗಿಂದಾಗ ಟೈಪ್ ಮಾಡಿ, ಈ ಸಲ ಸಿಕ್ಕ ಸಿಕ್ಕ ಕಡೆ ಪ್ರತಿ ಇಟ್ಟೆ. ಅಲ್ಲೊಂದು ಇಲ್ಲೊಂದು ಹಾಡಿನಲ್ಲಿ ಮಾತ್ರ ಸಾಲಿಲ್ಲದೆಯೇ ರಾಟಿ ಒಂದು ಸುತ್ತು ಸುಮ್ಮನೆ ತಿರುಗುತ್ತಿತ್ತು. ಮುಂದೆ ನಡೀರಿ ಎಂದು ಅತ್ತಿ ಕೈ ಬೀಸುತ್ತಿದ್ದರು. ಕುತ್ತಿಗೆ ನೋಯುತ್ತಿರಬೇಕು ಎಂದುಕೊಂಡೆವು.

ನನ್ನ ಪಂಚಮಿಯ ಮಾತು ಹೇಳಲಿಲ್ಲ. ಪ್ರತಿ ವರ್ಷ ಬಸಣ್ಣ ಬಂದು ನನ್ನನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋಗುತ್ತಿದ್ದ. ಆ ವರ್ಷ ಬರಲಿಲ್ಲ. "ಶಾಲ್ಯಾಗ ಕೆಲಸ ಭಾಳ ಐತಿ" ಎಂದು ಫೋನು ಮಾಡಿದ. ಪಂಚಮಿಯ ರಜೆಯಲ್ಲಿ ಯಾವ ಶಾಲೆಯ ಕೆಲಸ? ನಾನೇ ಕರೆದೊಯ್ಯುತ್ತೇನೆ ಎಂದರು ನಮ್ಮ ಮನೆಯವರು. ಒಲ್ಲೆ ಎಂದೆ. ಅಣ್ಣ ಕರೆಯದೆ ತವರಿಗೆ ಹೋಗಲು ನಾನೇನು ದಾರಿ ತಪ್ಪಿದ ಪಾರ್ಸಲ್ಲೇ? ಸಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಅವನ ನೆನಪಿತ್ತು, ಕೈಗೆತ್ತಿಕೊಂಡ ಉಂಡಿಯನ್ನು ತಿರುಗಿ ಡಬ್ಬಿಯಲ್ಲಿಟ್ಟೆ. ಅದನ್ನು ಅತ್ತಿ ನೋಡಿದರು. ಅವರ ಕಣ್ಣಿಗೆ ಬೀಳದ್ದು ಯಾವುದು?

ಶ್ರಾವಣ ಮುಗಿಯುತ್ತ ಬಂದಾಗ ಹಾಡುಗಳೆಲ್ಲ ಕೂಡಿದವು. ಹೆಣ್ಣುಮಕ್ಕಳು ತಮ್ಮ ತಮ್ಮ ಊರಿಗೆ ಹೋಗಿದ್ದರು, ನೀಲಾ ಒಬ್ಬಳು ಉಳಿದಿದ್ದಳು. ಅತ್ತಿ ಪಾಟಿಯ ಮೇಲೆ ಬರೆದರು: "ಮಾಸ್ತರನ್ನ ಕರಿ. ಎಲ್ಲಾ ಸಾಲ ಬಂದಾವೋ ಇಲ್ಲೋ ನೋಡ್ಲಿ." ಅದನ್ನೇ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ.

ಮುಂದಿನ ರವಿವಾರ ಜಿಟಿಜಿಟಿ ಮಳೆಯಲ್ಲಿ ಬಂದ. ಚಪ್ಪಲಿ ಕಳೆಯದೆ, ಕೊಡೆ ಮಡಚದೆ ಹೊಸ್ತಿಲಾಚೆಯೇ ನಿಂತ. ನಲವತ್ತು ದಾಟಿದ ಗಣಿತದ ಮಾಸ್ತರ, ಮನೆಪಾಠ ಮಾಡದೆ ಬಂದ ಹುಡುಗನಂತೆ ಕಂಡ. ಅತ್ತಿ ನೆಲ ತೋರಿಸಿದರು. ಕುಳಿತ.

"ಸಾವಂತ್ರವ್ವಾರ, ನನ್ನಿಂದ..." ಎಂದು ಶುರು ಮಾಡಿದ. ಅತ್ತಿ ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿದರು.

ಅವನು ಅದನ್ನು ಮುಂದಕ್ಕೆಳೆದುಕೊಂಡ. ನಾನು ಹೊಸದಾಗಿ ಟೈಪ್ ಮಾಡಿದ ಫೈಲಿನದೊಂದು ಪ್ರತಿ ತೆಗೆದು, ಮೂರು ಮೂರು ಸಲ ಹೆಸರು ನೋಡಿ, ಅದೇ ಪ್ರೋಗ್ರಾಮಿಗೆ ಕೊಟ್ಟ. "ನೀವು ಕೂಡಿಸಿದ್ದು ಖರೆ ಪೂರ್ತಿ ಇದ್ದರ, ಇದನ್ನ ಅಕಾರಾದಿ ಮಾಡಿದಾಗ ಅವತ್ತ ಕೆಟ್ಟ ಫೈಲ್ ಹೆಂಗಿತ್ತೋ ಹಂಗ ಬರಬೇಕ್ರಿ. ಒಂದ ಸಾಲ ಹೆಚ್ಚೂಕಮ್ಮಿ ಆದರೂ ಗೊತ್ತಾಗತೈತಿ," ಎಂದ. ಹಾಳು ಮಾಡಿದ ಪ್ರೋಗ್ರಾಮೇ ಈಗ ಸಾಕ್ಷಿ ಹೇಳಲು ನಿಂತಿತ್ತು. ಎರಡು ಫೈಲುಗಳನ್ನೂ ಅಕ್ಕಪಕ್ಕ ಇಟ್ಟು ಸರಿಸುತ್ತ ಹೋದ. ಅ ಸರಿ, ಕ ಸರಿ, ತ ಸರಿ. ಬ ಅಕ್ಷರಕ್ಕೆ ಬಂದವನೇ ನಿಂತ.

"ನಾಕ ಸಾಲ ಇಲ್ಲ," ಎಂದ ಸಣ್ಣ ದನಿಯಲ್ಲಿ. "ಒಂದರ ಕೆಳಗ ಒಂದ ಇದ್ದ ನಾಕೂ ಇಲ್ಲ."

ಗಂಗಾ, ನೀಲಾ, ನಾನು, ಮೂವರೂ ಚಾಪೆಯ ಕೆಳಗೆ, ಅಟ್ಟದ ಮೇಲೆ ಹುಡುಕಲು ಎದ್ದೆವು. ಅತ್ತಿ ಮಾತ್ರ ಕದಲಲಿಲ್ಲ. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಅದರೊಳಗಿನಿಂದ ಮಡಚಿದ ಒಂದು ಚೀಟಿ ತೆಗೆದರು. ನಾಲ್ಕೂ ಸಾಲು ಒಂದರಲ್ಲೇ ಇದ್ದವು. ಅವನ್ನು ಅವರು ಬಿಡಿಬಿಡಿಯಾಗಿ ಕತ್ತರಿಸಿರಲೇ ಇಲ್ಲ. ರಾಟಿ ಬರಿದೇ ತಿರುಗಿದ್ದು ಏಕೆಂದು ಆಗ ನಮಗೆ ತಿಳಿಯಿತು. ಅವರು ಹೊಸ ಕಂಡಿಕೆ ಸಿಕ್ಕಿಸಿದರು. ಮಾತಾಡಬಹುದೆಂದು ಡಾಕ್ಟರು ಹೇಳಿ ಆಗಲೇ ಕೆಲವು ದಿನವಾಗಿದ್ದರೂ ಅವರು ಯಾರೊಡನೆಯೂ ಒಂದು ಮಾತೂ ಆಡಿರಲಿಲ್ಲ. ದನಿ ಏನಾಗಿದೆಯೋ ಎಂಬ ಅಂಜಿಕೆ ಅವರಿಗೂ ಇತ್ತೆಂದು ಕಾಣುತ್ತದೆ. ಎಳೆ ಹಿಡಿದು, ರಾಟಿ ತಿರುಗಿಸಿ, ಬಸಣ್ಣನ ಮುಖ ನೋಡುತ್ತ ಹಾಡಿದರು.

ಬಂದಾವ ಮೋಡ ಕಪ್ಪತಗುಡ್ಡದ ಮ್ಯಾಲ
ಬಾಗಿಲ ತೆರದಿಡ ತಂಗೆವ್ವ
ಬಾರದವ ಬಂದಾನ ಇವತ್ತ
ಬಿಸಿರೊಟ್ಟಿ ತಟ್ಟಿ ಬಡಸೇನ

ದನಿ ಇಳಿದಿತ್ತು. ಬಹಳ ದಿನ ನಿಲ್ಲಿಸಿಟ್ಟ ರಾಟಿಯಂತೆ ಮೊದಲು ಕಿರುಗುಟ್ಟಿತು, ಆಮೇಲೆ ಹಾದಿಗೆ ಬಂತು. ದಪ್ಪಗೆ, ತುಸು ಒಡೆದು, ಆದರೆ ಅವರದೇ. ಮೊದಲನೆಯದು ಮಳೆಯ ಹಾಡಿನ ಸಾಲು, ಎರಡನೆಯದು ಪಂಚಮಿಯದು, ಮೂರನೆಯದು ಊರು ಬಿಟ್ಟುಹೋದ ಗಂಡನ ಹಾಡಿನದು, ನಾಲ್ಕನೆಯದು ಅತ್ತೆ ಸೊಸೆಯ ಜಗಳದ್ದು. ಅಣ್ಣನ ಪ್ರೋಗ್ರಾಮ್ ಯಾರನ್ನೂ ಕೇಳದೆ ಅವನ್ನು ಒಟ್ಟಿಗೆ ಕೂಡಿಸಿತ್ತು, ಅತ್ತಿ ಅದರೊಳಗೊಂದು ಹಾಡು ಕಂಡು ಇಷ್ಟು ದಿನ ಸೊಂಟದಲ್ಲಿ ಕಟ್ಟಿಕೊಂಡು ತಿರುಗಿದ್ದರು. ನನಗೆ ಅಳು ಬಂತು. ಬಸಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದ.

"ಯಾರ ಸಂಗಾಟ ಬಂದೀರಿ ಅಂತ ನಿನ್ನ ಮಶೀನ ಕೇಳಲಿಲ್ಲ ಖರೆ," ಎಂದರು ಅತ್ತಿ ಆ ಹೊಸ ದನಿಯಲ್ಲಿ. "ಹೊಸಾ ಮಂದಿ ಸಂಗಾಟ ಕುಂಡ್ರಿಸ್ತು. ಅವ್ರೂ ಹೊಂದ್ಕೊಂಡ್ರು. ಈ ನಾಕೂ ತಮ್ಮ ತಮ್ಮ ಹಾಡಿಗೆ ಹೋಗ್ಲಿ, ಸುಮವ್ವಾ, ಮತ್ತ ಇಲ್ಲೂ ಇರ್ಲಿ."

ಆಮೇಲೆ ಕಂಡಿಕೆ ಎತ್ತಿ ಅಣ್ಣನ ಕಣ್ಣ ಮುಂದೆ ಹಿಡಿದರು. ನಾಲ್ಕು ಸಾಲಿಗೆ ಎಷ್ಟು ನೂಲು ಕೂಡಬೇಕು? ಇನ್ನೂ ಬರೀ ಕೊಳವೆಯೇ ಕಾಣುತ್ತಿತ್ತು.

"ತುಂಬಿಲ್ಲ ನೋಡ ಮಾಸ್ತರ. ಮುಂದಿಂದ ನೀ ಹೇಳು."

"ನಾನ್ರಿ? ನನಗೆಲ್ಲಿ ಹಾಡ ಬರತಾವು?" ಎಂದು ಅವನು ಗಾಬರಿಯಾದ. ಅತ್ತಿ ಆಗಲೇ ರಾಟಿ ತಿರುಗಿಸಲು ಹತ್ತಿದ್ದರು. ಅವನು ನನ್ನ ಕಡೆ ನೋಡಿದ, ಚೀಟಿಯ ಕಡೆ ನೋಡಿದ. ತುಟಿ ಅಲುಗಿಸುತ್ತ ಲೆಕ್ಕ ಹಾಕಿದ. "ಬಿ ಆತು... ಇನ್ನ ಬು ಬರಬೇಕು," ಎಂದು ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ತಲೆ ತಗ್ಗಿಸಿ, ರಾಗವಿಲ್ಲದೆ, ಪಾಠ ಒಪ್ಪಿಸುವವನ ಹಾಗೆ ಹೇಳಿದ.

"ಬುತ್ತಿ ಕಟ್ಟಿಡ ತಂಗಿ, ಕರಿಯಾಕ ಬಂದೇನ."

ನಾವೆಲ್ಲ ಅತ್ತಿಯ ಕೈ ನೋಡಿದೆವು. ರಾಟಿ ನಿಲ್ಲಲಿಲ್ಲ.